ಮೊದಲ ಹಾಲು ಮತ್ತು ಹುಬ್ಬಳ್ಳಿ ದಾರಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಆಕಳು ಕರು ಹಾಕಿತೆಂದರೆ ಆ ಸುದ್ದಿ ಒಂದು ಮನೆಯೊಳಗೆ ನಿಲ್ಲುವುದಿಲ್ಲ. ಮೊದಲು ಕರುವನ್ನು ಕೆಚ್ಚಲಿಗೆ ಬಿಡಬೇಕು. ಅದು ಎದ್ದು ನಿಲ್ಲಲಾರದೆ ತಡಬಡಿಸುತ್ತಿದ್ದರೆ ಎತ್ತಿ ಹಿಡಿದಾದರೂ ಕುಡಿಸಬೇಕು. ಆ ಮೊದಲ ಹಾಲು ಹೊಟ್ಟೆಗೆ ಹೋಗದ ಕರು ಉಳಿಯುವುದು ಕಷ್ಟ ಎಂಬುದು ಕೊಟ್ಟಿಗೆಯ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಕರು ಕುಡಿದು ಮಿಕ್ಕಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣ. ಒಂದು ತುಂಡಾದರೂ ಅಕ್ಕಪಕ್ಕದ ಮನೆಗೆ ಹೋಗಲೇಬೇಕು.

ಅದೇ ಮನೆಗಳ ಬಾಣಂತಿ ಕೋಣೆಯಲ್ಲಿ ತಾಯಿಯ ಮೊದಲ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರು. ಹಳದಿಯಾಗಿ, ಅಂಟಂಟಾಗಿ ಬರುವ ಅದು ಬಸುರಿನ ತಿಂಗಳುಗಳಲ್ಲಿ ಎದೆಯಲ್ಲಿ ಕಟ್ಟಿಕೊಂಡ ಹಳೇ ಹಾಲು, ಮಗುವಿನ ಹೊಟ್ಟೆ ಕೆಡಿಸುತ್ತದೆ ಎಂಬ ನಂಬಿಕೆ. ‘ಮೂರು ದಿನ ಹಾಲೇ ಇರ್ತಿಲ್ಲೆ’ ಎಂದು ನನ್ನ ಅಮ್ಮಮ್ಮ ಖಚಿತವಾಗಿ ಹೇಳುತ್ತಿದ್ದಳು. ಕಣ್ಣೆದುರು ಹಿಂಡಿ ಚೆಲ್ಲಿದ್ದನ್ನು ಅವಳು ಹಾಲಿನ ಲೆಕ್ಕಕ್ಕೇ ಸೇರಿಸಿರಲಿಲ್ಲ. ಆ ಮೂರು ದಿನ ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು, ನೀರು ಬೆರೆಸಿದ ಆಕಳ ಹಾಲು, ಹೊಟ್ಟೆ ಶುದ್ಧಿಗೆಂದು ಒಂದು ತೊಟ್ಟು ಹರಳೆಣ್ಣೆ. ಎಲ್ಲವೂ ಒಳಲೆಯಲ್ಲಿ. ಹೊಸ ಓದುಗರಿಗೆ ಒಳಲೆ ಗೊತ್ತಿರಲಿಕ್ಕಿಲ್ಲ: ಅಂಗೈಯಲ್ಲಿ ಕೂರುವಷ್ಟು ಚಿಕ್ಕ, ಒಂದು ಕಡೆ ಉದ್ದ ಮೂತಿಯಿರುವ, ದೋಣಿಯಾಕಾರದ ಪಾತ್ರೆ. ಬೆಳ್ಳಿಯದು, ಕಂಚಿನದು, ಹಿತ್ತಾಳೆಯದು ಅವರವರ ಶಕ್ತಿಗೆ ತಕ್ಕಂತೆ. ಈ ಒಳಲೆ ನಮ್ಮ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ.

ಕೊಟ್ಟಿಗೆ ನೋಡುವವರೂ ಬಾಣಂತನ ಮಾಡುವವರೂ ಅದೇ ಹೆಂಗಸರು. ಕೊಟ್ಟಿಗೆಯಲ್ಲಿ ಗೊತ್ತಿದ್ದದ್ದು ಹತ್ತು ಹೆಜ್ಜೆ ನಡೆದು ಒಳಕೋಣೆಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಅಜ್ಞಾನ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ಈ ಮೂರು ದಿನದ ನಿಯಮಕ್ಕೆ ದೊಡ್ಡ ಪರಂಪರೆಯೇ ಇದೆ. ಸುಶ್ರುತ ಸಂಹಿತೆಯ ಶಾರೀರ ಸ್ಥಾನದಲ್ಲಿ, ಹೆತ್ತ ಮೂರು ಅಥವಾ ನಾಲ್ಕು ರಾತ್ರಿ ಕಳೆದ ಮೇಲೆ ಹಾಲು ಹರಿಯುತ್ತದೆ, ಅಲ್ಲಿಯವರೆಗೆ ಜೇನು ತುಪ್ಪ ಇತ್ಯಾದಿ ಕೊಡಬೇಕು ಎಂಬ ವಿಧಿಯಿದೆ. ಚರಕ ಸಂಹಿತೆಯ ಕ್ರಮ ಬೇರೆ: ಜೇನು ತುಪ್ಪ ನೆಕ್ಕಿಸಿದ ಬೆನ್ನಿಗೇ ಮೊದಲು ಬಲ ಮೊಲೆಯನ್ನು ಕುಡಿಯಲು ಕೊಡಬೇಕು. ಎರಡೂ ನಮ್ಮವೇ, ಎರಡೂ ಹಳೆಯವೇ. ನಮ್ಮ ಮನೆಗಳಲ್ಲಿ ಗೆದ್ದದ್ದು ಸುಶ್ರುತನ ಲೆಕ್ಕ. ಯುರೋಪಿನ ಹಳೆಯ ವೈದ್ಯರೂ ಮೊದಲ ಹಾಲನ್ನು ಬಹುಕಾಲ ಅನುಮಾನದಿಂದಲೇ ನೋಡಿದವರು. ನಮ್ಮ ಅಜ್ಜಿಯರನ್ನು ಮಾತ್ರ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ.

ಆದರೂ ಆ ಮನೆಯ ಹೆರಿಗೆಯಲ್ಲಿ ಒಂದು ಅನುಕೂಲವಿತ್ತು. ಮೂರು ದಿನ ತಡವಾದರೂ ಮಗು ತಾಯಿಯ ಮಗ್ಗುಲಲ್ಲೇ ಇರುತ್ತಿತ್ತು. ಅತ್ತರೆ ಕೇಳುತ್ತಿತ್ತು, ಹಾಲು ತೊಟ್ಟಿಕ್ಕುತ್ತಿತ್ತು. ನಾಲ್ಕನೇ ದಿನ ಎದೆಗೆ ಹಚ್ಚಿದರೆ ಮುಂದೆ ಎರಡು ಮೂರು ವರ್ಷ ಬಿಡಿಸುವುದೇ ಕಷ್ಟ. ಬೇವು, ಮೆಣಸಿನ ನೀರು ಹಚ್ಚಿ ಬಿಡಿಸಿದ ಕಥೆ ಎಲ್ಲರ ಮನೆಯಲ್ಲೂ ಇರುತ್ತದೆ.

ಆಸ್ಪತ್ರೆ ಬಂದದ್ದು ಈ ಮಗ್ಗುಲಿನ ಮೇಲೆ. ಇದನ್ನು ಬರೆಯುವಾಗ ಒಂದು ಎಚ್ಚರ ಬೇಕು. ಆಸ್ಪತ್ರೆ ಬರುವ ಮೊದಲು ನಮ್ಮ ಕಾಡಿನ ಕೇರಿಗಳಲ್ಲಿ ಹೆರಿಗೆಯೆಂದರೆ ಸಾವಿನ ಬಾಗಿಲು. ಹೊಳೆ ತುಂಬಿದ ರಾತ್ರಿ ಹೆರಿಗೆ ಕಟ್ಟಿಕೊಂಡರೆ ಕಂಬಳಿ ಜೋಲಿಯಲ್ಲಿ ಹೊತ್ತು ಸಾಗಿಸಬೇಕಿತ್ತು. ಎಲ್ಲರೂ ಮುಟ್ಟುತ್ತಿರಲಿಲ್ಲ. ಆಸ್ಪತ್ರೆ ಉಳಿಸಿದ ತಾಯಂದಿರ, ಕೂಸುಗಳ ಲೆಕ್ಕದ ಮುಂದೆ ನಾನು ಹೇಳಹೊರಟ ದೂರು ಸಣ್ಣದು. ಆದರೆ ಆಧುನಿಕ ಆಸ್ಪತ್ರೆ ಹುಟ್ಟುವಾಗಲೇ ತಾಯಿ ಮತ್ತು ಮಗುವನ್ನು ಎರಡು ರೋಗಿಗಳನ್ನಾಗಿ ಎಣಿಸಿತು, ಎರಡು ಕೋಣೆಗಳಲ್ಲಿ ಇಟ್ಟಿತು. ಮಗುವಿನ ಕೋಣೆಗೆ ಗಾಜಿನ ಗೋಡೆ ಬಂತು. ಸೋಂಕು ತಗಲಬಾರದು ಎಂಬ ಒಳ್ಳೆಯ ಉದ್ದೇಶದಿಂದ ಆದ ವ್ಯವಸ್ಥೆ ಅದು. ಅವಧಿಗೆ ಮೊದಲು ಹುಟ್ಟಿದ ಶಿಶುಗಳ ಆರೈಕೆಗೆ ಅಡಿಪಾಯ ಹಾಕಿದ ಪ್ಯಾರಿಸ್ಸಿನ ವೈದ್ಯ ಪಿಯೇರ್ ಬುದ್ಯಾಂ 1900ರಷ್ಟು ಹಿಂದೆಯೇ ಇದರ ಅಪಾಯವನ್ನು ಬರೆದಿಟ್ಟಿದ್ದ: ಮಗುವಿನಿಂದ ದೂರ ಉಳಿದ ತಾಯಿಗೆ ಹಾಲೂ ಉಳಿಯುವುದಿಲ್ಲ, ಮಗುವಿನ ಮೇಲಿನ ಸೆಳೆತವೂ ತೆಳುವಾಗುತ್ತದೆ. ಅವನ ಇನ್ಕ್ಯುಬೇಟರುಗಳನ್ನು ಲೋಕವೆಲ್ಲ ತೆಗೆದುಕೊಂಡಿತು. ಈ ಮಾತನ್ನು ಮಾತ್ರ ಅಲ್ಲೇ ಬಿಟ್ಟಿತು.

ಹಾಲು ಬರುವ ರೀತಿ ಗೊತ್ತಿದ್ದರೆ ಈ ಗೋಡೆಯ ಅನಾಹುತ ಅರ್ಥವಾಗುತ್ತದೆ. ಹಾಲು ಪಾತ್ರೆಯಲ್ಲಿ ತುಂಬಿಟ್ಟ ಸಾಮಗ್ರಿಯಲ್ಲ. ಮಗು ಚೀಪಿದಾಗ ತಾಯಿಯ ಮಿದುಳಿಗೆ ಸುದ್ದಿ ಹೋಗುತ್ತದೆ. ಪ್ರೊಲ್ಯಾಕ್ಟಿನ್ ಎಂಬ ರಸ ಹಾಲು ಮಾಡಿಸುತ್ತದೆ, ಆಕ್ಸಿಟೋಸಿನ್ ಎಂಬುದು ಅದನ್ನು ಹೊರಗೆ ಬಿಡಿಸುತ್ತದೆ. ಖಾಲಿಯಾದಷ್ಟೂ ತುಂಬುತ್ತದೆ. ಖಾಲಿಯಾಗದೆ ನಿಂತರೆ ಬೇಡಿಕೆ ಇಲ್ಲವೆಂದು ದೇಹ ಕೆಲಸ ನಿಲ್ಲಿಸುತ್ತದೆ. ಮೊದಲ ದಿನ ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಒಂದು ಚಮಚದಷ್ಟು. ಆ ದಿನ ಬರುವ ಗಿಣ್ಣು ಹಾಲೂ ಹೆಚ್ಚುಕಡಿಮೆ ಅಷ್ಟೇ. ಆ ಚಮಚದಲ್ಲಿ ಸೋಂಕಿನ ವಿರುದ್ಧ ಕಾಯುವ ಅಂಶಗಳು ದಟ್ಟವಾಗಿರುತ್ತವೆ. ಘಾನಾ ದೇಶದ ಹಳ್ಳಿಗಳಲ್ಲಿ 10,947 ಶಿಶುಗಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಎಲ್ಲ ಮಕ್ಕಳಿಗೂ ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಿದರೆ ಮೊದಲ ತಿಂಗಳ ಸಾವುಗಳಲ್ಲಿ ಶೇಕಡಾ 22ರಷ್ಟನ್ನು ತಪ್ಪಿಸಬಹುದು ಎಂದು ಲೆಕ್ಕ ಹಾಕಿತು. ಕೊಟ್ಟಿಗೆಯಲ್ಲಿ ಗೊತ್ತಿದ್ದದ್ದೇ ಇದು.

ಗಾಜಿನ ಕೋಣೆಯಲ್ಲಿ ಮಲಗಿದ ಮಗುವಿಗೆ ಏನಾದರೂ ಕುಡಿಸಬೇಕಲ್ಲ. ಅಲ್ಲಿಗೆ ಡಬ್ಬಿ ಬಂತು. ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ತನ್ನ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದದ್ದು 1867ರಲ್ಲಿ. ನ್ಯೂಜಿಲೆಂಡಿನ ಹಾಲಿನ ಪುಡಿಯೊಂದರ ಹೆಸರು ಗ್ಲಾಕ್ಸೋ. ಇಂದಿಗೂ ಗುಂಡುಗುಂಡಾದ ಮಗುವನ್ನು ಕಂಡರೆ ನಮ್ಮಲ್ಲಿ ‘ಗ್ಲಾಕ್ಸೋ ಬೇಬಿ’ ಎನ್ನುವವರಿದ್ದಾರೆ. ಒಂದು ಡಬ್ಬಿಯ ಹೆಸರು ನಾಲಗೆಯಲ್ಲಿ ಹೀಗೆ ಉಳಿದುಕೊಂಡಿತೆಂದರೆ ಅದರ ಜಾಹೀರಾತು ಎಷ್ಟು ಆಳಕ್ಕೆ ಇಳಿದಿರಬೇಕು!

ಇದರಲ್ಲಿ ಕರ್ನಾಟಕಕ್ಕೂ ಒಂದು ಪಾತ್ರವಿದೆ. ಸ್ವಾತಂತ್ರ್ಯದ ಹೊಸತರಲ್ಲಿ ಶಿಶು ಆಹಾರಕ್ಕೆ ದೇಶ ವಿದೇಶಿ ಕಂಪನಿಗಳನ್ನು ನೆಚ್ಚಿಕೊಂಡಿತ್ತು. ಎಮ್ಮೆ ಹಾಲಿನಿಂದ ಮಕ್ಕಳ ಪುಡಿ ಮಾಡಲಾಗದು ಎನ್ನುವುದು ಆಗಿನ ಪರಿಣತರ ಮಾತು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದನ್ನು ಮಾಡಿ ತೋರಿಸಿದರು. ಗುಜರಾತಿನ ಅಮುಲ್ ಆ ವಿಧಾನದಿಂದ ದೇಶದ್ದೇ ಶಿಶು ಆಹಾರ ತಯಾರಿಸಿತು. ವಿಜ್ಞಾನದ ದೃಷ್ಟಿಯಿಂದ ಹೆಮ್ಮೆಯ ಸಾಧನೆ. ತಾಯಿ ತೀರಿಕೊಂಡ, ಹಾಲೇ ಇಲ್ಲದ ಮಕ್ಕಳಿಗೆ ನಿಜವಾದ ಆಸರೆ. 1950ರ ಅಕ್ಟೋಬರಿನಲ್ಲಿ ಆ ಸಂಸ್ಥೆ ಶುರುವಾದದ್ದು ಮೈಸೂರಿನ ಚೆಲುವಾಂಬ ಅರಮನೆಯಲ್ಲಿ. ಅದೇ ಊರಿನ ಹೆಂಗಸರ ಮತ್ತು ಮಕ್ಕಳ ದೊಡ್ಡ ಆಸ್ಪತ್ರೆಯ ಹೆಸರೂ ಚೆಲುವಾಂಬ. ಒಂದು ಹೆಸರಿನ ಕಟ್ಟಡದಲ್ಲಿ ಡಬ್ಬಿಹಾಲಿನ ವಿದ್ಯೆ, ಅದೇ ಹೆಸರಿನ ಇನ್ನೊಂದರಲ್ಲಿ ಹಾಲೂಡುವ ತಾಯಂದಿರು. ಕಾಕತಾಳೀಯ ಇರಬಹುದು, ನನಗಂತೂ ಆ ಕಾಲದ ಚಿತ್ರ ಇದರಲ್ಲಿ ಕಾಣುತ್ತದೆ.

ಡಬ್ಬಿ ಕೊಲ್ಲುತ್ತದೆ ಎಂದು ಮೊದಲು ಬಾಯಿಬಿಟ್ಟು ಹೇಳಿದವಳು ಸಿಸಿಲಿ ವಿಲಿಯಮ್ಸ್. ಆಫ್ರಿಕದಲ್ಲೂ ಮಲಯಾದಲ್ಲೂ ಕೆಲಸ ಮಾಡಿದ ಈ ವೈದ್ಯೆ 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಮಾಡಿದ ಭಾಷಣಕ್ಕೆ ‘ಹಾಲು ಮತ್ತು ಕೊಲೆ’ ಎಂದೇ ಹೆಸರಿಟ್ಟಳು. ನೀರು ಶುದ್ಧವಿಲ್ಲದ, ಉರುವಲು ಸಾಲದ, ಪುಡಿಯನ್ನು ಮಿತವ್ಯಯಕ್ಕೆಂದು ತೆಳುವಾಗಿ ಕದಡುವ ಮನೆಗಳಲ್ಲಿ ಸೀಸೆ ಎಂದರೆ ಭೇದಿ, ಬಡಕಲು, ಸಾವು. ಈ ವಿಷಯ ಬೀದಿಗೆ ಬರಲು ಮತ್ತೆ ಮೂರುವರೆ ದಶಕ ಬೇಕಾಯಿತು. 1974ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಿರುಪುಸ್ತಕ, ಅದರ ಜರ್ಮನ್ ರೂಪದ ಮೇಲೆ ನೆಸ್ಲೆ ಹೂಡಿದ ಮಾನನಷ್ಟ ಮೊಕದ್ದಮೆ, 1977ರಲ್ಲಿ ಅಮೆರಿಕದಲ್ಲಿ ಶುರುವಾದ ಬಹಿಷ್ಕಾರ. ಕೊನೆಗೆ 1981ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆ ಶಿಶು ಆಹಾರದ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಒಪ್ಪಿತು. ಪರವಾಗಿ 118 ಮತ, ವಿರುದ್ಧ ಒಂದೇ ಒಂದು, ಅದು ಅಮೆರಿಕದ್ದು. ಅದೇ ಸಭೆಯನ್ನು ಉದ್ದೇಶಿಸಿ ಇಂದಿರಾ ಗಾಂಧಿ ಮಾತನಾಡಿದ್ದರು. ನಮ್ಮಲ್ಲಿ ಕಾನೂನು ಆದದ್ದು 1992ರಲ್ಲಿ, ಜಾರಿಗೆ ಬಂದದ್ದು 1993ರ ಆಗಸ್ಟ್ 1ರಂದು. ಮಗುವಿನ ಚಿತ್ರ ಡಬ್ಬಿಯ ಮೇಲಿಂದ ಮಾಯವಾಯಿತು. ಜಾಹೀರಾತು ನಿಂತಿತು. ಆಸ್ಪತ್ರೆಯ ಗೋಡೆಗೆ ಕಂಪನಿಯ ಕ್ಯಾಲೆಂಡರ್ ನೇತುಹಾಕುವುದೂ ಅಪರಾಧವಾಯಿತು.

ಆದರೆ ಕಾನೂನಿಗಿಂತ ನನಗೆ ಹೆಚ್ಚು ಹಿಡಿಸುವುದು ಎರಡು ಆಸ್ಪತ್ರೆಗಳ ಕಥೆ. ಒಂದು ಫಿಲಿಪ್ಪೀನ್ಸಿನ ಬಾಗಿಯೋ ಎಂಬ ಗುಡ್ಡದೂರಿನದು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗದ ಮುಖ್ಯಸ್ಥೆ ನತಿವಿದಾದ್ ಕ್ಲಾವಾನೋ 1975ರಲ್ಲಿ ಶಿಶುಗಳ ಪ್ರತ್ಯೇಕ ಕೋಣೆಯನ್ನು ಮುಚ್ಚಿಸಿದರು. ಹಾಲಿನ ಪುಡಿ ಕಂಪನಿಯ ಪ್ರತಿನಿಧಿಗಳಿಗೆ ಬಾಗಿಲು ಹಾಕಿದರು, ಬಣ್ಣಬಣ್ಣದ ಪೋಸ್ಟರು ಕೀಳಿಸಿದರು, ಮಕ್ಕಳನ್ನು ತಾಯಂದಿರ ಮಗ್ಗುಲಿಗೆ ಹಾಕಿದರು. ಆ ಬದಲಾವಣೆಗೆ ಎರಡು ವರ್ಷ ಮೊದಲಿನಿಂದ ಎರಡು ವರ್ಷ ಆಮೇಲಿನವರೆಗೆ ಹುಟ್ಟಿದ ಸುಮಾರು 10,000 ಶಿಶುಗಳ ದಾಖಲೆಯನ್ನು ಹೋಲಿಸಿದರೆ ಎದೆಹಾಲು ಕುಡಿಯುವವರು ಏರಿದ್ದು, ಸೋಂಕು ಮತ್ತು ಸಾವು ಇಳಿದದ್ದು ಎದ್ದು ಕಾಣುತ್ತಿತ್ತು. 1978ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅವರು ಇದನ್ನೇ ಹೇಳಿದರು.

ಇನ್ನೊಂದು ಮುಂಬಯಿಯ ಸಯನ್ ಆಸ್ಪತ್ರೆಯದು. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿಯ ಆಡಳಿತದಲ್ಲೇ ಇತ್ತು. ಕೆಲಸ, ಓದು ಎಂದು ನಮ್ಮ ಕಡೆಯವರು ಹೊರಡುತ್ತಿದ್ದದ್ದೂ ಅಲ್ಲಿಗೇ. ಬಡವರಿಂದ ಕಿಕ್ಕಿರಿದ ಆ ಆಸ್ಪತ್ರೆಯ ನವಜಾತ ಶಿಶು ವಿಭಾಗದಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಸೀಸೆಯನ್ನೂ ಪುಡಿಯನ್ನೂ ಹೊರಗೆ ಹಾಕಿ ತಾಯಂದಿರನ್ನು ಒಳಗೆ ಕರೆದರು. ತಾಯಿಯ ಹಾಲು ಸಿಗದ ಮಕ್ಕಳಿಗೆಂದು 1989ರ ನವೆಂಬರಿನಲ್ಲಿ ಹಾಲಿನ ಬ್ಯಾಂಕು ತೆರೆದರು, ಏಷ್ಯಾದಲ್ಲೇ ಮೊದಲನೆಯದು. ಇಬ್ಬರೂ ತಾಯಂದಿರಿಗೆ ಉಪದೇಶ ಮಾಡುತ್ತ ಕೂತವರಲ್ಲ. ನಡುವಿನ ಬಾಗಿಲು ತೆಗೆದರು, ಹಾಲು ತಾನಾಗಿ ಬಂತು.

1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೆರಿಗೆ ಆಸ್ಪತ್ರೆಗಳಿಗೆ ಹತ್ತು ನಿಯಮ ಬರೆದವು: ಹುಟ್ಟಿದೊಡನೆ ಎದೆಗೆ ಹಚ್ಚಬೇಕು, ತಾಯಿ ಮಗು ಒಂದೇ ಕಡೆ ಇರಬೇಕು, ದೂರವಿರಬೇಕಾಗಿ ಬಂದರೆ ಹಾಲು ತೆಗೆಯುವುದನ್ನು ತಾಯಿಗೆ ಕಲಿಸಬೇಕು ಇತ್ಯಾದಿ. ಪ್ರತಿ ಆಗಸ್ಟಿನ ಮೊದಲ ವಾರ ನಮ್ಮ ತಾಲೂಕು ಆಸ್ಪತ್ರೆಗಳಲ್ಲೂ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ಬ್ಯಾನರ್, ಭಾಷಣ, ಬಾಣಂತಿಯರಿಗೆ ಹಣ್ಣು.

ಇಷ್ಟೆಲ್ಲ ಆದ ಮೇಲೆ ಎಲ್ಲಿಗೆ ಬಂದೆವು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿ. 1992-93ರಲ್ಲಿ ದೇಶದ ಹೆರಿಗೆಗಳಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿತ್ತು, ಮೊದಲ ಗಂಟೆಯಲ್ಲಿ ಹಾಲು ಕುಡಿದ ಮಕ್ಕಳು ಹತ್ತರಲ್ಲಿ ಒಂದು. 2019-21ಕ್ಕೆ ಬರುವಾಗ ಆಸ್ಪತ್ರೆ ಹೆರಿಗೆ ಶೇಕಡಾ 88 ದಾಟಿದೆ, ಮೊದಲ ಗಂಟೆಯ ಹಾಲು ಮಾತ್ರ ಸುಮಾರು 42. ಕರ್ನಾಟಕದಲ್ಲಿ ಶೇಕಡಾ 97 ಹೆರಿಗೆ ಆಸ್ಪತ್ರೆಯಲ್ಲೇ. ಆದರೂ ಮೊದಲ ಗಂಟೆಯಲ್ಲಿ ಹಾಲು ಕಂಡ ಮಕ್ಕಳು ಸುಮಾರು 49. ಹಿಂದಿನ ಸಮೀಕ್ಷೆಯಲ್ಲಿ, ಅಂದರೆ 2015-16ರಲ್ಲಿ, ಅದು 56ರ ಆಸುಪಾಸಿನಲ್ಲಿತ್ತು. ಏರುವುದಿರಲಿ, ಇಳಿದಿದೆ. ಆರು ತಿಂಗಳವರೆಗೆ ಬರೀ ಎದೆಹಾಲು ಕುಡಿಯುವವರು ಮಾತ್ರ ಇದೇ ಅವಧಿಯಲ್ಲಿ ಹೆಚ್ಚಿದ್ದಾರೆ. ಅಂದರೆ ತಾಯಂದಿರಿಗೆ ಮನಸ್ಸಿಲ್ಲ ಎನ್ನುವ ಹಾಗಿಲ್ಲ. ಎಡವಟ್ಟು ಆಗುತ್ತಿರುವುದು ಮೊದಲ ಗಂಟೆಗಳಲ್ಲಿ, ಆಸ್ಪತ್ರೆಯ ಗೋಡೆಯೊಳಗೆ. ಹರಳೆಣ್ಣೆಯ ಅಜ್ಜಿ ಈಗ ಅಲ್ಲಿಲ್ಲ.

2019-21ರ ಸಮೀಕ್ಷೆಯ ಹೊತ್ತಿಗೇ ರಾಜ್ಯದಲ್ಲಿ ಸಿಸೇರಿಯನ್ ಹೆರಿಗೆ ಶೇಕಡಾ 31ಕ್ಕೆ ಏರಿತ್ತು. ಬೆನ್ನಿಗೆ ಮದ್ದು ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ತಾಯಿಗೆ ಎಚ್ಚರವಿರುತ್ತದೆ. ಹೊಲಿಗೆ ಹಾಕುತ್ತಿರುವಾಗಲೇ ಮಗುವನ್ನು ಎದೆಯ ಮೇಲೆ ಇಡಬಹುದು. ಆಗುವುದೇ ಬೇರೆ. ಮಗುವನ್ನು ಒರೆಸಿ, ತೂಗಿ, ಬಟ್ಟೆಯಲ್ಲಿ ಸುತ್ತಿ ಹೊರಗಿನ ಪಡಸಾಲೆಗೆ ತರುತ್ತಾರೆ. ಅಲ್ಲಿ ಅಜ್ಜ, ಅಜ್ಜಿ, ಅತ್ತೆ, ಮಾವ ಎಲ್ಲರ ಕೈಗೂ ಹೋಗುತ್ತದೆ, ಫೋನಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಕಳಿಸುತ್ತಾರೆ, ಪೇಡೆ ಹಂಚುತ್ತಾರೆ. ಎಲ್ಲರೂ ನೋಡಿ ಮುಗಿದ ಮೇಲೆ ಮಗು ತಾಯಿಯ ಬಳಿ ಹೋಗುತ್ತದೆ. ಅಷ್ಟರಲ್ಲಿ ಒಂದು ಗಂಟೆ ಎಲ್ಲಿ ಉಳಿದಿರುತ್ತದೆ?

ಇದು ಆರೋಗ್ಯವಾಗಿ ಹುಟ್ಟಿದ ಕೂಸಿನ ಮಾತಾಯಿತು. ಸಣ್ಣದಾಗಿ, ದಿನ ತುಂಬದೆ ಹುಟ್ಟಿದರೆ ನಮ್ಮ ಮೂರು ತಾಲೂಕುಗಳಲ್ಲಿ ಕಥೆಯೇ ಬೇರೆ.

ನವಜಾತ ಶಿಶುಗಳಿಗೆ ಸರ್ಕಾರದ ವ್ಯವಸ್ಥೆ ಮೂರು ಮೆಟ್ಟಿಲಿನದು. ಹೆರಿಗೆಯಾಗುವ ಪ್ರತಿ ಜಾಗದಲ್ಲೂ ಬೆಚ್ಚಗಿಡುವ ಒಂದು ಮೂಲೆ, ತಾಲೂಕು ಮಟ್ಟದಲ್ಲಿ ನಾಲ್ಕು ಹಾಸಿಗೆಯ ಘಟಕ, ಜಿಲ್ಲಾ ಮಟ್ಟದಲ್ಲಿ ವಿಶೇಷ ಆರೈಕೆಯ ಘಟಕ. ನಿಯಮದ ಪ್ರಕಾರ 1,800 ಗ್ರಾಮಿಗಿಂತ ಕಡಿಮೆ ತೂಕದ ಮಗುವನ್ನು ಮೂರನೇ ಮೆಟ್ಟಿಲಿಗೆ ಕಳಿಸಬೇಕು. ಬಯಲುಸೀಮೆಯ ಜಿಲ್ಲೆಗೆ ಹೊಂದುವ ಲೆಕ್ಕ ಇದು. ನಮ್ಮ ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗಿದೆ. ಯಲ್ಲಾಪುರದಿಂದ ಹೋಗಲು ಅರಬೈಲು ಘಾಟಿ ಇಳಿಯಬೇಕು. 2021ರ ಜುಲೈ ಮಳೆಗೆ ಆ ರಸ್ತೆಯೇ ಕುಸಿದು ಸಂಚಾರ ನಿಂತಿತ್ತು. ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಕುಮಟಾ ಮುಟ್ಟಿ, ಅಲ್ಲಿಂದ ಕರಾವಳಿ ಹಿಡಿಯಬೇಕು. ಸಿದ್ದಾಪುರದವರಿಗೆ ಸಾಗರ, ಶಿವಮೊಗ್ಗ ಹತ್ತಿರ. ಉಳಿದವರು ಹುಬ್ಬಳ್ಳಿಗೆ ಮುಖ ಮಾಡುತ್ತಾರೆ: ಯಲ್ಲಾಪುರದಿಂದ ಸುಮಾರು 70 ಕಿಲೋಮೀಟರ್, ಶಿರಸಿಯಿಂದ ಸುಮಾರು 100. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ದೊಡ್ಡ ಕೂಗೆದ್ದದ್ದು ಓದುಗರಿಗೆ ನೆನಪಿರಬಹುದು. ಅಪಘಾತ, ಹೃದಯಾಘಾತದ ಮಾತು ಆಗ ಬಹಳ ಬಂತು. ಹಾಲಿನ ಮಾತು ಬರಲಿಲ್ಲ.

ನನ್ನ ತಂಗಿಗೆ ದಿನ ತುಂಬುವ ಆರು ವಾರ ಮೊದಲೇ ಸಿಸೇರಿಯನ್ ಆಯಿತು. ಊರಿನ ಹೆಸರು, ಆಸ್ಪತ್ರೆಯ ಹೆಸರು ಬೇಡ. ಕೂಸು 1,600 ಗ್ರಾಂ. ಹುಬ್ಬಳ್ಳಿಗೆ ಒಯ್ಯಬೇಕು ಎಂದರು. ಆಂಬುಲೆನ್ಸಿನಲ್ಲಿ ಭಾವ ಹೋದ, ಅವನ ಅಮ್ಮ ಹೋದಳು. ತಂಗಿ ಹೊಲಿಗೆಯೊಂದಿಗೆ ಇಲ್ಲೇ ಮಲಗಿದಳು. ಎರಡು ದಿನ ಅವಳಿಗೆ ಯಾರೂ ಹಾಲಿನ ವಿಷಯ ಎತ್ತಲಿಲ್ಲ. ಮಗುವೇ ಇಲ್ಲದ ಮೇಲೆ ಹಾಲಿನ ಮಾತು ಆಡಿ ಯಾಕೆ ನೋಯಿಸಬೇಕು ಎಂದು ಎಲ್ಲರ ಎಣಿಕೆ. ಮೂರನೇ ದಿನ ಎದೆ ಕಲ್ಲಾಗಿ ಜ್ವರ ಬಂತು. ರಾತ್ರಿ ಪಾಳಿಯ ಆಯಾ ಒಬ್ಬಳು, ‘ತಂಗೀ, ಇದನ್ನ ಹೀಗೆ ಬಿಟ್ರೆ ಬತ್ತಿಹೋಗ್ತದೆ’ ಎಂದು ಬಿಸಿನೀರಿನ ಬಟ್ಟೆ ಒತ್ತಿ, ಬೆರಳಿಟ್ಟು ಹಿಂಡುವುದನ್ನು ಕಲಿಸಿದಳು. ಒಂದು ಸ್ಟೀಲ್ ಡಬ್ಬಿಯ ತಳ ಮುಚ್ಚುವಷ್ಟು ಬಂತು. ಬೆಳಗಿನ ಬಸ್ಸಿಗೆ ನನ್ನ ತಮ್ಮ ಅದನ್ನು ಹಿಡಿದು ಹೋದ. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ ಕೆಡದೆ ಇರುತ್ತದೆ. ಹುಬ್ಬಳ್ಳಿ ಬಸ್ಸಿಗೆ ಮೂರು ಗಂಟೆ. ಲೆಕ್ಕ ಸರಿಯಾಗಿಯೇ ಇತ್ತು. ಅಲ್ಲಿಯ ಬಾಗಿಲಲ್ಲಿ, ಹೊರಗಿನಿಂದ ತಂದದ್ದನ್ನು ಒಳಗೆ ಬಿಡುವುದಿಲ್ಲ ಎಂದರು. ತಮ್ಮ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ನಡೆದುಬಂದು, ಚೆಲ್ಲಲು ಮನಸ್ಸಾಗದೆ ಒಂದು ಗಿಡದ ಬುಡಕ್ಕೆ ಹಾಕಿ ಬಂದನಂತೆ.

ತಂಗಿ ಮಗುವಿನ ಬಳಿ ತಲುಪಿದ್ದು ಆರನೇ ದಿನ. ಆಗಲೂ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ನೋಡಲು ಬಿಟ್ಟರು. ಮಲಗಲು ಅವಳಿಗೆ ಜಾಗವಿರಲಿಲ್ಲ, ಪಡಸಾಲೆಯಲ್ಲಿ ಚಾಪೆ. ಕೂಸು ಉಳಿಯಿತು, ಅದು ಆ ವೈದ್ಯರ ಪುಣ್ಯ, ನಾವು ಅದನ್ನು ಮರೆತಿಲ್ಲ. ಮನೆಗೆ ಬಂದ ಮೇಲೆ ಹಾಲನ್ನು ಮರಳಿ ತರಿಸಲು ಒಂದೂವರೆ ತಿಂಗಳು ಹಿಡಿಯಿತು. ಪೂರ್ತಿ ಬರಲೇ ಇಲ್ಲ. ‘ನಂಗೆ ಹಾಲಿಲ್ಲೆ’ ಎಂದು ಅವಳು ಇಂದಿಗೂ ಹೇಳುತ್ತಾಳೆ, ಕೊರತೆ ತನ್ನ ಮೈಯಲ್ಲೇ ಇತ್ತೆಂಬಂತೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಇನ್ಕ್ಯುಬೇಟರ್ ಸಾಲದೆ ಬಂದಾಗ ಎಡ್ಗರ್ ರೇ ಎಂಬ ವೈದ್ಯ ಪುಟ್ಟ ಮಕ್ಕಳನ್ನು ತಾಯಿಯ ಬರಿ ಎದೆಗೆ ಕಟ್ಟಿ ಇಡಲು ಶುರುಮಾಡಿದ. ಈಗ ಅದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ಚರ್ಮಕ್ಕೆ ಚರ್ಮ ತಾಗಿದ್ದರೆ ಮಗು ಬೆಚ್ಚಗಿರುತ್ತದೆ, ಹಾಲೂ ಬರುತ್ತದೆ. ನಮ್ಮ ರಾಜ್ಯದಲ್ಲೇ, ಕೊಪ್ಪಳ ಜಿಲ್ಲೆಯಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಸರ್ಕಾರವೂ ಸೇರಿ 2,000 ಗ್ರಾಮಿಗಿಂತ ಕಡಿಮೆ ತೂಕದ ಮಕ್ಕಳಿಗೆ ಜಿಲ್ಲೆಯುದ್ದಕ್ಕೂ ಇದನ್ನು ಮಾಡಿ ತೋರಿಸಿದ್ದಾರೆ. ಕೊಪ್ಪಳ ನಮಗಿಂತ ಶ್ರೀಮಂತ ಜಿಲ್ಲೆಯೇನಲ್ಲ. 2021ರಲ್ಲಿ ಪ್ರಕಟವಾದ, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿದ ಪುಟ್ಟ ಮಕ್ಕಳಲ್ಲಿ ಸಾವು ಶೇಕಡಾ 25ರಷ್ಟು ಕಡಿಮೆಯಾಯಿತು. ಅದಕ್ಕಾಗಿ ಅವರು ಶಿಶುಗಳ ತೀವ್ರ ನಿಗಾ ಘಟಕದೊಳಗೇ ತಾಯಂದಿರ ಮಂಚ ಹಾಕಿದರು. 2022ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಹಾಲಿನ ಬ್ಯಾಂಕು ಬಂದಿದೆ. ಒಳ್ಳೆಯದೇ. ಆದರೆ ನಮ್ಮ ಕಡೆಗೆ ಬ್ಯಾಂಕಿಗಿಂತ ಮೊದಲು ಬೇಕಾದದ್ದು ಮಂಚ. ಮಗುವಿಗೆ ಯಂತ್ರ ಕೊಡಲು ಬರುವ ಹಣದಲ್ಲಿ ತಾಯಿಗೆ ಒಂದು ಹಾಸಿಗೆ ಸೇರಿಸುವುದು ದೊಡ್ಡ ಖರ್ಚಲ್ಲ. ಯೋಜನೆ ಬರೆಯುವವರು ತಾಯಿ ಮಗುವನ್ನು ಇನ್ನೂ ಎರಡು ರೋಗಿಗಳೆಂದೇ ಎಣಿಸುವುದರಿಂದ ಅದು ಬಿಟ್ಟುಹೋಗುತ್ತದೆ.

ಒಳಲೆಯ ಮಾತು ಹೇಳಿದ್ದೆನಲ್ಲ. ಚೀಪಲಾರದ ಪುಟ್ಟ ಮಕ್ಕಳಿಗೆ ಸೀಸೆ ಕೊಡಬೇಡಿ, ತಾಯಿ ಹಿಂಡಿದ ಹಾಲನ್ನು ‘ಪಾಲಾಡೈ’ಯಲ್ಲಿ ಕುಡಿಸಿ ಎಂದು ಈಗ ಶಿಶುತಜ್ಞರೇ ಹೇಳುತ್ತಾರೆ. ಸೀಸೆಯ ನಿಪ್ಪಲ್ ರೂಢಿಯಾದರೆ ಮಗು ಮೊಲೆ ಹಿಡಿಯಲು ಒಪ್ಪದು, ತೊಳೆಯುವುದೂ ಕಷ್ಟ. ಪಾಲಾಡೈ ಎಂದರೆ ತಮಿಳಿನಲ್ಲಿ ಒಳಲೆ. ತಂಗಿಯ ಕೂಸಿಗೆ ತಂದ ಸ್ಟೀಲಿನ ಆ ಪಾತ್ರೆಯನ್ನು ಕಂಡು ನಮ್ಮ ಅತ್ತೆ, ‘ಇದು ಒಳಲೆಯಲ್ದಾ? ಇದನ್ನ ದುಡ್ಡು ಕೊಟ್ಟು ತಂದ್ರಾ?’ ಎಂದು ಕೇಳಿದರು. ಮನೆಯ ಬೆಳ್ಳಿ ಒಳಲೆಯನ್ನು ಅವರೇ ವರ್ಷಗಳ ಹಿಂದೆ ಕರಗಿಸಿ ಗೆಜ್ಜೆ ಮಾಡಿಸಿದ್ದರು.

ನಮ್ಮೂರ ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗಳಿಗೆ ಮೂರನೇ ದಿನ, ಏಳನೇ ದಿನ, ಹೀಗೆ 42ನೇ ದಿನದವರೆಗೆ ಹೋಗಿಬರಬೇಕು. ಅದು ಅವಳ ಕೆಲಸದ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇಲ್ಲದ್ದನ್ನೂ ಅವಳು ಮಾಡುತ್ತಾಳೆ. ಎಂಟು ತಿಂಗಳಾದ ಬಸುರಿಯರ ಮನೆಗೆ ಹೋಗುವಾಗ ಹಳೆಯ ಕಾಲುಚೀಲಕ್ಕೆ ಹತ್ತಿ ತುಂಬಿ ಹೊಲಿದ ಮೊಲೆಯ ಗೊಂಬೆಯೊಂದನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತಾಳೆ. ಕೂಸನ್ನು ಹುಬ್ಬಳ್ಳಿಗೆ ಒಯ್ಯುವ ಪ್ರಸಂಗ ಬಂದರೆ ಎಲ್ಲಿ ಬೆರಳಿಡಬೇಕು, ಹೇಗೆ ಹಿಂಡಬೇಕು, ಮೂರು ತಾಸಿಗೊಮ್ಮೆ, ರಾತ್ರಿಯೂ ಬಿಡದೆ ಎಂದು ಆ ಗೊಂಬೆಯ ಮೇಲೆ ತೋರಿಸುತ್ತಾಳೆ. ಆಮೇಲೆ ಆಸ್ಪತ್ರೆಗೆಂದು ಕಟ್ಟಿಟ್ಟ ಬಟ್ಟೆಗಂಟು ಬಿಚ್ಚಿಸಿ, ಅದರಲ್ಲಿ ಮುಚ್ಚಳ ಗಟ್ಟಿಯಿರುವ ಒಂದು ಸಣ್ಣ ಸ್ಟೀಲ್ ಡಬ್ಬಿ ಇದೆಯೋ ಇಲ್ಲವೋ ನೋಡುತ್ತಾಳೆ.